ಎಲ್ ಮೊಸೋಟೆ: ಸಾಕ್ಷ್ಯವಿದ್ದೂ ಸಿಗದ ನ್ಯಾಯ

ಅಂತರ್ಯುದ್ಧ ಕಾಲದ ಹತ್ಯೆಗಳಿಗೆ ಶಿಕ್ಷೆಯಾಗದಿದ್ದಾಗ, ಇಷ್ಟು ವರ್ಷಗಳ ಮೇಲೆ ಸಾಕ್ಷ್ಯ ಎಲ್ಲಿಂದ ತರುವುದು ಎಂಬ ಸಮಜಾಯಿಷಿ ಕೇಳಿಬರುತ್ತದೆ. ಕ್ರಿಮಿನಲ್ ಪ್ರಕರಣಗಳನ್ನು ನಡೆಸುವ ವಕೀಲಳಾಗಿ ನಾನು ಅದನ್ನು ಒಪ್ಪಲಾರೆ. ಮಧ್ಯ ಅಮೆರಿಕದ ಎಲ್ ಸಾಲ್ವಡಾರ್ ದೇಶದಲ್ಲಿ ಕೊರತೆಯಿದ್ದದ್ದು ಸಾಕ್ಷ್ಯಕ್ಕಲ್ಲ.

1981ರ ಡಿಸೆಂಬರ್‌ನಲ್ಲಿ ಸೇನೆಯ ಅಟ್ಲಕಾಟ್ಲ್ ಬೆಟಾಲಿಯನ್ ಎಲ್ ಮೊಸೋಟೆ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಸುಮಾರು ಒಂದು ಸಾವಿರ ಜನರನ್ನು ಕೊಂದಿತು. ಸರ್ಕಾರ ಹತ್ಯಾಕಾಂಡವನ್ನೇ ಅಲ್ಲಗಳೆಯಿತು. 1992ರಲ್ಲಿ ಅರ್ಜೆಂಟೀನಾದ ವಿಧಿವಿಜ್ಞಾನ ತಜ್ಞರು ಚರ್ಚಿನ ಪಕ್ಕದ ಒಂದೇ ಕಟ್ಟಡದ ನೆಲವನ್ನು ಅಗೆದಾಗ ಕನಿಷ್ಠ 143 ಮಂದಿಯ ಅವಶೇಷಗಳು ದೊರೆತವು; ಅವರಲ್ಲಿ 131 ಮಂದಿ ಹನ್ನೆರಡು ವರ್ಷದೊಳಗಿನ ಮಕ್ಕಳು. ಗುಂಡಿನ ಕಾಳಗದಲ್ಲಿ ಸತ್ತವರೆಂದು ಈ ಮಕ್ಕಳ ಬಗ್ಗೆ ಯಾರೂ ವಾದಿಸಲಾಗದು.

ಅಂತರ್ಯುದ್ಧದ ದೌರ್ಜನ್ಯಗಳನ್ನು ತನಿಖೆ ಮಾಡಿದ ವಿಶ್ವಸಂಸ್ಥೆಯ ಸತ್ಯಶೋಧನಾ ಆಯೋಗದ ವರದಿ 1993ರ ಮಾರ್ಚ್ 15ರಂದು ಹೊರಬಂದ ಐದೇ ದಿನಗಳಲ್ಲಿ ಶಾಸನಸಭೆ ಸಾರ್ವತ್ರಿಕ ಕ್ಷಮಾದಾನ ಕಾಯ್ದೆಯನ್ನು ಅಂಗೀಕರಿಸಿತು. ಆಯೋಗ ತಪ್ಪಿತಸ್ಥರನ್ನು ಹೆಸರಿಸಬಹುದಿತ್ತು, ಶಿಕ್ಷಿಸುವಂತಿರಲಿಲ್ಲ. ಶಿಕ್ಷಿಸುವ ಅಧಿಕಾರವಿದ್ದ ನ್ಯಾಯಾಲಯಗಳ ಕೈಯನ್ನು ಕಾಯ್ದೆ ಕಟ್ಟಿಹಾಕಿತು. ಸುಪ್ರೀಂ ಕೋರ್ಟ್ ಅದನ್ನು ರದ್ದುಗೊಳಿಸಿದ್ದು 2016ರ ಜುಲೈನಲ್ಲಿ. ಅಷ್ಟರಲ್ಲಿ, ಗಂಡ ಮತ್ತು ಮಕ್ಕಳನ್ನು ಕಳೆದುಕೊಂಡು ಬದುಕುಳಿದಿದ್ದ ಪ್ರಮುಖ ಪ್ರತ್ಯಕ್ಷದರ್ಶಿ ರುಫಿನಾ ಅಮಾಯಾ ತೀರಿಕೊಂಡು ಒಂಬತ್ತು ವರ್ಷಗಳಾಗಿದ್ದವು.

ಇಂಥ ಪ್ರಕರಣಗಳಲ್ಲಿ ಕೊಲೆಯನ್ನು ಸಾಬೀತುಪಡಿಸುವುದಕ್ಕಿಂತ, ಆದೇಶ ಯಾವ ಅಧಿಕಾರಿಯಿಂದ ಹೊರಟು ಯಾರ ಮೂಲಕ ಇಳಿದು ಬಂದಿತೆಂದು ತೋರಿಸುವುದು ಕಷ್ಟ. ಅದಕ್ಕೆ ಕಾರ್ಯಾಚರಣೆಯ ಆದೇಶಪತ್ರಗಳು ಮತ್ತು ನಿಯೋಜನೆಯ ಪಟ್ಟಿಗಳು ಬೇಕು, ಅವು ಇರುವುದು ಆರೋಪಿಗಳ ಸಂಸ್ಥೆಯಲ್ಲಿಯೇ. 2020ರಲ್ಲಿ ಎಲ್ ಮೊಸೋಟೆ ಪ್ರಕರಣದ ವಿಚಾರಣಾ ನ್ಯಾಯಾಧೀಶರು ಸೇನೆಯ ದಫ್ತರಗಳನ್ನು ಪರಿಶೀಲಿಸಲು ಸ್ವತಃ ಹೋದಾಗ ಅವರಿಗೆ ಪ್ರವೇಶವನ್ನೇ ನಿರಾಕರಿಸಲಾಯಿತು. ಮರುವರ್ಷ, 60 ವರ್ಷ ಮೀರಿದ ನ್ಯಾಯಾಧೀಶರನ್ನು ನಿವೃತ್ತಿಗೊಳಿಸುವ ಕಾನೂನು ಬಂದು, ಅವರು ಪ್ರಕರಣದಿಂದಲೇ ಹೊರಬಿದ್ದರು. ನ್ಯಾಯಾಧೀಶರನ್ನು ನಡುವೆ ಬದಲಿಸುವುದೆಂದರೆ ಸಾವಿರಾರು ಪುಟಗಳ ಕಡತ ಹೊಸಬರ ಮೇಜಿಗೆ ಹೋಗುವುದು. ವೃದ್ಧ ಸಾಕ್ಷಿಗಳಿಗೆ ಆ ವಿಳಂಬ ಬಲು ದುಬಾರಿ.

ಅದೇ 2020ರಲ್ಲಿ ಸ್ಪೇನ್‌ನ ನ್ಯಾಯಾಲಯವೊಂದು ಎಲ್ ಸಾಲ್ವಡಾರ್ ಸೇನೆಯ ಮಾಜಿ ಕರ್ನಲ್ ಇನೊಸೆಂತೆ ಮೊಂತಾನೊ ಅವರಿಗೆ, 1989ರಲ್ಲಿ ಅಲ್ಲಿ ಐವರು ಸ್ಪ್ಯಾನಿಷ್ ಜೆಸುಯಿಟ್ ಪಾದ್ರಿಗಳನ್ನು ಕೊಂದ ಅಪರಾಧಕ್ಕಾಗಿ 133 ವರ್ಷಗಳ ಶಿಕ್ಷೆ ವಿಧಿಸಿತು. ಮೇಲಧಿಕಾರಿಯ ಹೊಣೆಯನ್ನು ಮೂವತ್ತು ವರ್ಷಗಳ ಬಳಿಕವೂ ರುಜುವಾತುಪಡಿಸಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ. ಆದರೆ ಅಂದು ಅವರೊಂದಿಗೇ ಕೊಲೆಯಾದ ಸಾಲ್ವಡಾರ್‌ನ ಮೂವರು, ಅಂದರೆ ಒಬ್ಬ ಪಾದ್ರಿ, ಅಡುಗೆಯಾಕೆ ಮತ್ತು ಆಕೆಯ ಹದಿಹರೆಯದ ಮಗಳು, ಆ ಶಿಕ್ಷೆಯ ವ್ಯಾಪ್ತಿಗೆ ಬರಲಿಲ್ಲ. ಆರೋಪಿಯ ಹಸ್ತಾಂತರವು ಸ್ಪೇನ್ ಪ್ರಜೆಗಳ ಹತ್ಯೆಗಷ್ಟೇ ಸೀಮಿತವಾಗಿತ್ತು. ಉಳಿದ ಮೂವರಿಗೆ ನ್ಯಾಯ ಕೊಡಬೇಕಾದದ್ದು ಅವರದೇ ದೇಶದ ನ್ಯಾಯಾಲಯ.