ಎದ್ದು ನಿಂತ ತಕ್ಷಣ ಆಡಕ್ಕೆ ಕಳಿಸ್ಬೇಡಿ

ಮಕ್ಕಳು ಆಟದಲ್ಲಿ ತಲೆಗೆ ಏಟು ಮಾಡ್ಕೊಂಡ್ರೆ ನಮ್ಮವರು ಮೊದಲು ನೋಡೋದು ರಕ್ತ ಬಂತಾ, ಪ್ರಜ್ಞೆ ತಪ್ತಾ ಅಂತ. ಎರಡೂ ಇಲ್ಲ ಅಂದ್ರೆ ಮುಖಕ್ಕೆ ನೀರು ಚಿಮುಕಿಸಿ, ಬುಗುಟೆ ಉಜ್ಜಿ, "ಏನೂ ಆಗಿಲ್ಲ, ಹೋಗೋ ಆಡು" ಅಂತ ವಾಪಸ್ ಕಳಿಸ್ತಾರೆ. ಈ ಮಾತು ಕೇಳಿದ್ರೇನೇ ನಂಗೆ ಭಯ, ಯಾಕಂದ್ರೆ ಕನ್ಕಷನ್ (ಏಟಿಗೆ ಮಿದುಳು ಅಲುಗಾಡಿ ಅದರ ಕೆಲಸ ಏರುಪೇರಾಗೋದು) ಆದವರಲ್ಲಿ ಹೆಚ್ಚಿನವರಿಗೆ ಪ್ರಜ್ಞೆ ತಪ್ಪೋದೇ ಇಲ್ಲ, ಸಿಟಿ ಸ್ಕ್ಯಾನ್ ಕೂಡ ಸಾಮಾನ್ಯವಾಗಿ ನಾರ್ಮಲ್ ಅಂತಾನೇ ಬರತ್ತೆ.

2006ರ ಅಕ್ಟೋಬರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಝಾಕರಿ ಲಿಸ್ಟೆಡ್ ಅನ್ನೋ 13 ವರ್ಷದ ಹುಡುಗ ಶಾಲೆಯ ಫುಟ್ಬಾಲ್ ಮ್ಯಾಚಲ್ಲಿ (ಅವರ ಫುಟ್ಬಾಲ್, ಗುದ್ದಾಡೋದು) ಬಿದ್ದ, ತಲೆ ನೆಲಕ್ಕೆ ಬಡೀತು. ಸ್ವಲ್ಪ ಹೊತ್ತು ಕೂತು ಮತ್ತೆ ಆಡಕ್ಕೆ ಇಳಿದ. ಮ್ಯಾಚ್ ಮುಗಿದ ಮೇಲೆ ಕುಸಿದುಬಿದ್ದ, ಮಿದುಳು ಊದ್ಕೊಂಡಿತ್ತು, ಒತ್ತಡ ಇಳಿಸಕ್ಕೆ ತಲೆಬುರುಡೆಯ ಮೂಳೆ ತೆಗೀಬೇಕಾಯ್ತು, ಮತ್ತೆ ಮಾತಾಡಕ್ಕೆ ತಿಂಗಳುಗಟ್ಟಲೆ ಹಿಡೀತು. ಅವನ ಹೆಸರಲ್ಲೇ 2009ರಲ್ಲಿ ಆ ರಾಜ್ಯ ಕಾನೂನು ಮಾಡ್ತು: ಕನ್ಕಷನ್ ಅನುಮಾನ ಬಂದ್ರೆ ಸಾಕು, ಮಗುನ ಆಟದಿಂದ ಹೊರಗೆ ಕೂರಿಸ್ಬೇಕು, ವೈದ್ಯಕೀಯ ತಜ್ಞರು ಬರೆದು ಕೊಡೋವರೆಗೂ ವಾಪಸ್ ಇಳಿಸೋ ಹಾಗಿಲ್ಲ. 2014ರ ಹೊತ್ತಿಗೆ ಅಮೆರಿಕದ 50 ರಾಜ್ಯಗಳಲ್ಲೂ ಇಂಥ ಕಾನೂನು ಬಂತು.

ಒಳಗೆ ಆಗೋದೇನು? ಇದರ ಕಥೆ ಎಲ್ಲಿಂದ ಶುರು ಅಂದ್ರೆ, 1935ರಲ್ಲಿ ಬೈಕ್ ಅಪಘಾತದಲ್ಲಿ ಸತ್ತ ಬ್ರಿಟಿಷ್ ಸೇನಾಧಿಕಾರಿ 'ಲಾರೆನ್ಸ್ ಆಫ್ ಅರೇಬಿಯಾ'ನ ನೋಡಿಕೊಂಡ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಅನ್ನೋ ನರಶಸ್ತ್ರಚಿಕಿತ್ಸಕರೂ ಇದ್ರು, ಆಮೇಲೆ ಅವರು ಎರಡನೇ ಮಹಾಯುದ್ಧದ ಕಾಲದಲ್ಲಿ ಬೈಕ್ ಸವಾರರ ತಲೆ ಗಾಯ ಮತ್ತು ಹೆಲ್ಮೆಟ್ ಬಗ್ಗೆ ಬಿಡದೆ ಅಧ್ಯಯನ ಮಾಡಿದ್ರು. ಕೇರ್ನ್ಸ್ ಕೆಲಸ ಮಾಡ್ತಿದ್ದ ಆಕ್ಸ್‌ಫರ್ಡಲ್ಲೇ ಹಾಲ್ಬೋರ್ನ್ ಅನ್ನೋ ಭೌತವಿಜ್ಞಾನಿ ಜೆಲಟಿನ್‌ನಿಂದ ಮಿದುಳಿನ ಮಾದರಿ ಮಾಡಿ 1943ರಲ್ಲಿ ತೋರಿಸಿದ್ದು ಇಷ್ಟು: ನೇರ ಗುದ್ದಿಗಿಂತ ತಲೆ ಗಿರ್ರನೆ ತಿರುಗೋದೇ ಹೆಚ್ಚು ಹಾನಿ ಮಾಡತ್ತೆ. ಪಾತ್ರೆಯಲ್ಲಿರೋ ಗಿಣ್ಣು ನೆನೆಸ್ಕೊಳ್ಳಿ. ಪಾತ್ರೆನ ತಟ್ಟನೆ ತಿರುಗಿಸಿದ್ರೆ ಅಂಚು ಮುಂದೆ ಹೋಗತ್ತೆ, ನಡುವಿನ ಗಿಣ್ಣು ಹಿಂದೆ ಉಳಿಯತ್ತೆ, ನಡುವೆ ಎಳೆದಾಟ. ಹೆಲ್ಮೆಟ್ ಬುರುಡೆ ಒಡೆಯೋದನ್ನ ಚೆನ್ನಾಗಿ ತಪ್ಪಿಸತ್ತೆ, ಅದನ್ನ ಹಾಕ್ಲೇಬೇಕು, ಆದ್ರೆ ಒಳಗಿನ ಈ ಎಳೆದಾಟನ ಅದು ಪೂರ್ತಿ ನಿಲ್ಲಿಸಲ್ಲ.

ಆ ಎಳೆತಕ್ಕೆ ನರಕೋಶದ ಪೊರೆ ಸೋರತ್ತೆ. ಪೊಟ್ಯಾಸಿಯಂ ಹೊರಗೆ ಹೋಗತ್ತೆ, ಕ್ಯಾಲ್ಸಿಯಂ ಒಳಗೆ ನುಗ್ಗತ್ತೆ, ಗ್ಲುಟಮೇಟ್ ಅನ್ನೋ ರಾಸಾಯನಿಕ ಬೇಕಾಬಿಟ್ಟಿ ಬಿಡುಗಡೆ ಆಗತ್ತೆ. ಎಲ್ಲನೂ ಸರಿಮಾಡಕ್ಕೆ ಕೋಶದ ಪಂಪ್‌ಗಳು ಜೋರಾಗಿ ಓಡ್ಬೇಕು, ಅದಕ್ಕೆ ಸಿಕ್ಕಾಪಟ್ಟೆ ಗ್ಲೂಕೋಸ್ ಬೇಕು. ಆದ್ರೆ ಅದೇ ಹೊತ್ತಲ್ಲಿ ಮಿದುಳಿಗೆ ರಕ್ತದ ಹರಿವು ಕಮ್ಮಿ ಆಗಿರತ್ತೆ, ಒಳಗೆ ಸೇರಿದ ಕ್ಯಾಲ್ಸಿಯಂ ಶಕ್ತಿ ತಯಾರಿಸೋ ಮೈಟೊಕಾಂಡ್ರಿಯಾನೂ ಕೆಡಿಸತ್ತೆ. ಶಕ್ತಿ ಹೆಚ್ಚು ಬೇಕಾದಾಗ್ಲೇ ಕಮ್ಮಿ ಸಿಗತ್ತೆ. ತಲೆನೋವು, ಮಂಕು, ಬೆಳಕು ಕಂಡ್ರೆ ಕಿರಿಕಿರಿ, ಪಾಠ ತಲೆಗೆ ಹತ್ತದೇ ಇರೋದು ಈ ಗಲಾಟೆಯಿಂದ್ಲೇ. ಇದು ಶಮನ ಆಗೋ ಮುಂಚೆ ಇನ್ನೊಂದು ಏಟು ಬಿದ್ರೆ, ಅದು ಸಣ್ಣದಾದ್ರೂ, ಅಪರೂಪಕ್ಕೆ ಮಿದುಳು ಊದಿ ಪ್ರಾಣಕ್ಕೇ ಬರಬಹುದು.

ಮಕ್ಕಳಲ್ಲಿ ಕಷ್ಟ ಜಾಸ್ತಿ: ಕತ್ತಿನ ಬಲ ಕಮ್ಮಿ, ದೇಹಕ್ಕೆ ಹೋಲಿಸಿದ್ರೆ ತಲೆ ದೊಡ್ಡದು, ನರತಂತುಗಳ ಮೇಲಿನ ಮೈಲಿನ್ ಹೊದಿಕೆ ಇನ್ನೂ ಬೆಳೀತಾ ಇರತ್ತೆ. ಚೇತರಿಕೆಗೆ ದೊಡ್ಡವರಿಗಿಂತ ಹೆಚ್ಚು ದಿನ ಹಿಡಿಯತ್ತೆ.

ಲಕ್ಷಣ ತಕ್ಷಣ ಕಾಣ್ಬೇಕು ಅಂತಾನೂ ಇಲ್ಲ. 2019ರ ಲಾರ್ಡ್ಸ್ ಟೆಸ್ಟಲ್ಲಿ ಇಂಗ್ಲೆಂಡಿನ ಆರ್ಚರ್ ಬೌನ್ಸರ್ ತಗುಲಿದ ಆಸ್ಟ್ರೇಲಿಯಾದ ಸ್ಟೀವ್ ಸ್ಮಿತ್ ಕನ್ಕಷನ್ ಪರೀಕ್ಷೆ ಪಾಸಾಗಿ ಮತ್ತೆ ಬ್ಯಾಟ್ ಮಾಡಿದ್ರು, ಮಾರನೇ ದಿನ ಲಕ್ಷಣ ಕಾಣಿಸ್ಕೊಂಡು ಅವರ ಜಾಗಕ್ಕೆ ಲಬುಶೇನ್ ಬಂದ್ರು. ಜೊತೆಗೆ ತಂಡದ ಡಾಕ್ಟರ್ ಇದ್ದೂ ಹೀಗಾದ್ರೆ ನಮ್ಮ ಶಾಲೆ ಮೈದಾನದಲ್ಲಿ ಪಿಟಿ ಮೇಷ್ಟ್ರು ಎರಡು ನಿಮಿಷ ನೋಡಿ ಏನು ಹೇಳಕ್ಕಾಗತ್ತೆ?

ಅನುಮಾನ ಇದ್ರೆ ಆ ದಿನದ ಆಟ ಮುಗೀತು ಅಂತಾನೇ ಲೆಕ್ಕ, ಡಾಕ್ಟರಿಗೆ ತೋರಿಸಿ. ಒಂದೆರಡು ದಿನ ಆರಾಮಾಗಿರ್ಲಿ, ಮೊಬೈಲ್ ಕಮ್ಮಿ ಮಾಡ್ಲಿ, ಆಮೇಲೆ ನಿಧಾನಕ್ಕೆ ನಡಿಗೆ, ಶಾಲೆ, ಕೊನೆಗೆ ಆಟ. ವಾರಗಟ್ಟಲೆ ಕತ್ತಲೆ ಕೋಣೇಲಿ ಮಲಗಿಸೋದು ಹಳೇ ಸಲಹೆ, ಅದ್ರಿಂದ ಉಪಯೋಗ ಇಲ್ಲ. ಡಾಕ್ಟರ್ ನೋಡಿ ಅಪಾಯ ಇಲ್ಲ ಅಂದ್ಮೇಲೆ ಮಗು ನಿದ್ದೆ ಮಾಡಬಹುದು. ಆದ್ರೆ ಮತ್ತೆ ಮತ್ತೆ ವಾಂತಿ, ತಲೆನೋವು ಏರ್ತಾ ಹೋಗೋದು, ಫಿಟ್ಸ್, ಒಂದು ಕಣ್ಣಿನ ಪಾಪೆ ದೊಡ್ಡದಾಗೋದು, ಎಬ್ಬಿಸಿದ್ರೂ ಸರಿಯಾಗಿ ಏಳ್ದೇ ಇರೋದು, ಇದ್ರಲ್ಲಿ ಒಂದು ಕಂಡ್ರೂ ಕೈಗೆ ಬೀಗದ ಕೈ ಕೊಡ್ತಾ, ಮೂಗಿಗೆ ಈರುಳ್ಳಿ ಹಿಡೀತಾ ಕೂರ್ಬೇಡಿ, 108ಕ್ಕೆ ಫೋನ್ ಮಾಡಿ.