ಎರಡನೆಯ ಖರೀದಿಯ ಲೆಕ್ಕ: ಜಪಾನಿ ಪರಂಪರೆಯ ಬೇಕರಿಯನ್ನು ಮಾರುಕಟ್ಟೆಗೆ ತರುವವರಿಗೆ

ಜಪಾನಿ ಪರಂಪರೆಯ ಬ್ರೆಡ್ ತಯಾರಿಸುವ ದುಬಾರಿ ದರ್ಜೆಯ ಬೇಕರಿಯೊಂದನ್ನು ತೆರೆಯಲು ಹೊರಟವರು ಮಾರುಕಟ್ಟೆ ಸಲಹೆಗಾರರ ಬಳಿಗೆ ಬರುವ ಹೊತ್ತಿಗೆ ಅಂಗಡಿಯ ಹೆಸರು, ಲಾಂಛನ, ಗೋಡೆಯ ಮೇಲಿನ ಚೆರ್ರಿ ಹೂವಿನ ಚಿತ್ರ, ಕೆಲವೊಮ್ಮೆ ಪೊಟ್ಟಣಕ್ಕೆ ಕಟ್ಟುವ ದಾರದ ಬಣ್ಣ ಕೂಡ ತೀರ್ಮಾನವಾಗಿಬಿಟ್ಟಿರುತ್ತದೆ. ಕುತೂಹಲಕ್ಕೆಂದು ಒಮ್ಮೆ ಕೊಂಡವರು ಮುಂದಿನ ವಾರ ಮತ್ತೆ ಏಕೆ ಬರಬೇಕು ಎಂಬುದನ್ನು ಮಾತ್ರ ಯಾರೂ ಯೋಚಿಸಿರುವುದಿಲ್ಲ. ಪ್ರಚಾರಕ್ಕೆ ಮೀಸಲಿಟ್ಟ ಹಣದ ಬಹುಪಾಲು ಉದ್ಘಾಟನೆಯ ದಿನಗಳಲ್ಲೇ ಖರ್ಚಾಗಿಹೋಗುವುದರಿಂದ, ಈ ಪ್ರಶ್ನೆ ನಿಜವಾಗಿ ಎದುರಾದಾಗ ಉತ್ತರಿಸಲು ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ಜಪಾನಿನ ಮಾರುಕಟ್ಟೆಯೇ ಈ ಪಾಠವನ್ನು ದೊಡ್ಡ ಬೆಲೆ ತೆತ್ತು ಕಲಿತಿದೆ. ಶೊಕುಪಾನ್ ಎಂದರೆ ಅಲ್ಲಿನವರು ಬೆಳಗಿನ ಉಪಾಹಾರಕ್ಕೆ ನಿತ್ಯವೂ ತಿನ್ನುವ, ಅಚ್ಚಿನಲ್ಲಿ ಬೇಯಿಸಿದ ಮೃದುವಾದ ಬಿಳಿ ಬ್ರೆಡ್. 2013ರಲ್ಲಿ ಒಸಾಕಾದಲ್ಲಿ ನೊಗಾಮಿ ಎಂಬ ಅಂಗಡಿ ಈ ಸಾಮಾನ್ಯ ಬ್ರೆಡ್ಡನ್ನೇ ಉನ್ನತ ದರ್ಜೆಯ ಸರಕಾಗಿ ಮಾರತೊಡಗಿತು. ಅದೇ ವರ್ಷ ಸೆವೆನ್-ಇಲೆವೆನ್ ಸರಣಿ ಅಂಗಡಿಗಳು ‘ಚಿನ್ನದ ಶೊಕುಪಾನ್’ ಎಂಬ ಅರ್ಥದ ಹೆಸರಿನ ಬ್ರೆಡ್ಡನ್ನು ಮಾರಾಟಕ್ಕಿಟ್ಟವು. ಮುಂದಿನ ಕೆಲವು ವರ್ಷಗಳಲ್ಲಿ ಹೆಚ್ಚುಕಡಿಮೆ ಅದೊಂದನ್ನೇ ಮಾರುವ ಅಂಗಡಿಗಳು ದೇಶದ ತುಂಬ ಹುಟ್ಟಿಕೊಂಡು, ಎರಡು ‘ಕಿನ್’ (ಜಪಾನಿನಲ್ಲಿ ಬ್ರೆಡ್ ಮಾರುವ ತೂಕದ ಅಳತೆ; ಒಂದು ಕಿನ್ ಎಂದರೆ ಕನಿಷ್ಠ 340 ಗ್ರಾಂ) ಅಳತೆಯ ಒಂದು ಬ್ರೆಡ್ಡಿಗೆ 800 ಯೆನ್ ಆಸುಪಾಸಿನ ಬೆಲೆ ಸಾಮಾನ್ಯವೆನಿಸಿತು. ಸರದಿ ಸಾಲುಗಳು ಬೆಳೆದವು, ಸಾಲಿನ ಚಿತ್ರಗಳೇ ಪುಕ್ಕಟೆ ಜಾಹೀರಾತಾದವು. ಆದರೆ ಹಾಗೆ ಕೊಂಡ ಬ್ರೆಡ್ಡಿನಲ್ಲಿ ದೊಡ್ಡ ಪಾಲು ಚೆಂದದ ಕೈಚೀಲದಲ್ಲಿ ಬಂಧುಮಿತ್ರರ ಮನೆಗೆ ಉಡುಗೊರೆಯಾಗಿ ಹೋಗುತ್ತಿತ್ತು. ಕೆನೆ, ಬೆಣ್ಣೆ, ಜೇನುತುಪ್ಪ ಸೇರಿಸಿ ಸಿಹಿಯಾಗಿಸಿದ ಆ ಬ್ರೆಡ್ಡನ್ನು ದಿನವೂ ತಿನ್ನಲು ಮನಸ್ಸು ಒಪ್ಪುವುದಿಲ್ಲ, ಜೇಬೂ ಒಪ್ಪುವುದಿಲ್ಲ. ಒಂದಕ್ಕೊಂದು ತದ್ರೂಪಿನಂಥ ಅಂಗಡಿಗಳು ಒಂದೇ ಬೀದಿಗೆ ಬಂದಾಗ ಉಡುಗೊರೆಯ ಹೊಸತನವೂ ಸವೆಯಿತು. 2022ರ ಹೊತ್ತಿಗೆ ಗೋಧಿಯ ಬೆಲೆಯೂ ಏರಿದ್ದರಿಂದ ಹಲವು ಅಂಗಡಿಗಳು ಬಾಗಿಲು ಮುಚ್ಚಿದವು. ನನ್ನ ಮಟ್ಟಿಗೆ ಇದು ರುಚಿಯ ಸೋಲಲ್ಲ. ಉಡುಗೊರೆಗೆಂದು ಕೊಳ್ಳುವವರ ಸಂಖ್ಯೆಯನ್ನು ನಿತ್ಯದ ಗ್ರಾಹಕರ ಸಂಖ್ಯೆಯೆಂದು ಭ್ರಮಿಸಿ ಶಾಖೆಗಳನ್ನು ತೆರೆದ ಲೆಕ್ಕದ ಸೋಲು.

ಇದಕ್ಕೆ ವ್ಯತಿರಿಕ್ತವಾಗಿ, ನೂರೈವತ್ತು ವರ್ಷಗಳಿಂದ ಮಾರಾಟವಾಗುತ್ತಲೇ ಇರುವ ಅನ್‌ಪಾನ್ ಎಂಬ ಬನ್ನಿನ ಕಥೆಯನ್ನು ನೋಡಬೇಕು. 1869ರಲ್ಲಿ ಟೋಕಿಯೊದಲ್ಲಿ ಬೇಕರಿ ಆರಂಭಿಸಿದ ಕಿಮುರಾ ಯಾಸುಬೆಯ ಮುಂದೆ ಇದ್ದ ಕಷ್ಟವೆಂದರೆ, ಅಂದಿನ ಜಪಾನಿಯರಿಗೆ ಪಾಶ್ಚಾತ್ಯರ ಬ್ರೆಡ್ಡಿನ ಹುಳಿ ವಾಸನೆಯಾಗಲಿ, ಅದರ ಗಟ್ಟಿತನವಾಗಲಿ ಹಿಡಿಸುತ್ತಿರಲಿಲ್ಲ. 1874ರಲ್ಲಿ ಆತನ ಅಂಗಡಿ ಅಕ್ಕಿ ಮತ್ತು ಕೋಜಿ ಶಿಲೀಂಧ್ರದಿಂದ ತಯಾರಿಸಿದ ಸಕಾದಾನೆ ಎಂಬ ಹುದುಗನ್ನು ಬಳಸಿ, ಒಳಗೆ ಕೆಂಪು ಅಜುಕಿ ಕಾಳಿನ ಸಿಹಿ ಹೂರಣವಿಟ್ಟು ಬನ್ ಮಾಡಿತು. ಅಕ್ಕಿ ಮದ್ಯದ ಹುದುಗಿನಿಂದ ಉಬ್ಬಿಸಿ ಹಬೆಯಲ್ಲಿ ಬೇಯಿಸುವ ಸಿಹಿ ಕಡುಬು ಜಪಾನಿಯರಿಗೆ ಮೊದಲೇ ಪರಿಚಿತವಾಗಿತ್ತು. ಅದರ ಕಂಪು, ಅದರ ಹೂರಣ ಎರಡೂ ಹೊಸ ಬನ್ನಿನಲ್ಲಿದ್ದವು. 1875ರ ಏಪ್ರಿಲ್ 4ರಂದು ಮೇಜಿ ಚಕ್ರವರ್ತಿಗೆ ಅರ್ಪಿಸಿದ ಬನ್ನಿನ ನಡುವಿನ ಕುಳಿಯಲ್ಲಿ ಉಪ್ಪು ಹಾಕಿದ ಚೆರ್ರಿ ಹೂವನ್ನಿಟ್ಟಿದ್ದರು. ಆ ಹೂವು ಕಣ್ಣಿಗೆ ಗುರುತಾಗಿ ನಿಂತಿತು, ಅದರ ಉಪ್ಪು ಸಿಹಿಯನ್ನು ಹದಗೊಳಿಸಿತು.

ಹೊಸ ಬೇಕರಿಗಳ ಪ್ರಚಾರ ಸಾಮಾನ್ಯವಾಗಿ ಇದರ ವಿರುದ್ಧ ದಿಕ್ಕಿನಲ್ಲಿ ಸಾಗುತ್ತದೆ. ಗ್ರಾಹಕರಿಗೆ ಅಪರಿಚಿತವಾದುದನ್ನು ಇನ್ನಷ್ಟು ಅಪರಿಚಿತವಾಗಿಸಿ ತೋರಿಸುವುದೇ ಗೌರವವೆಂದು ಭಾವಿಸಿ, ಬೀಸಣಿಗೆ, ಕಾಗದದ ದೀಪ, ಓದಲಾಗದ ಲಿಪಿಯ ಫಲಕಗಳಿಂದ ಅಂಗಡಿಯನ್ನು ತುಂಬುತ್ತಾರೆ. ಪರಂಪರೆ ಎಂಬುದು ಹಿಟ್ಟಿನಲ್ಲಿದ್ದರೆ ಅದನ್ನು ಗೋಡೆಯ ಮೇಲೆ ಬರೆಯುವ ಅಗತ್ಯ ಬಹಳ ಕಡಿಮೆ. ಉದಾಹರಣೆಗೆ, ಯುದಾನೆ ವಿಧಾನದಲ್ಲಿ ಒಟ್ಟು ಹಿಟ್ಟಿನ ಒಂದು ಪಾಲಿಗೆ ಕುದಿಯುವ ನೀರು ಹಾಕಿ ಕಲಸಿ, ಸಾಮಾನ್ಯವಾಗಿ ರಾತ್ರಿಯಿಡೀ ತಣ್ಣಗಿಟ್ಟು, ಮರುದಿನ ಉಳಿದ ಹಿಟ್ಟಿನೊಂದಿಗೆ ನಾದುತ್ತಾರೆ. ಬಿಸಿನೀರಿಗೆ ಪಿಷ್ಟ ಅಂಟಾಗಿ ಹೆಚ್ಚು ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಬ್ರೆಡ್ ಬೇಗನೆ ಒಣಗುವುದಿಲ್ಲ. ಇದನ್ನು ‘ಪ್ರಾಚೀನ ರಹಸ್ಯ’ ಎಂದು ಹೊಗಳುವುದಕ್ಕಿಂತ, ಮೊದಲ ದಿನ ಬಿಸಿ ಮಾಡದೆ ತಿನ್ನಿ, ಎರಡನೆಯ ದಿನ ಟೋಸ್ಟ್ ಮಾಡಿ, ಉಳಿದದ್ದನ್ನು ಹೋಳುಗಳಾಗಿಯೇ ಫ್ರೀಜರಿನಲ್ಲಿಡಿ ಎಂದು ಪೊಟ್ಟಣದ ಮೇಲೆ ಸರಳವಾಗಿ ಅಚ್ಚು ಹಾಕಿಸಿದರೆ, ದುಬಾರಿ ಬ್ರೆಡ್ ವ್ಯರ್ಥವಾಗುತ್ತದೆಂಬ ಗ್ರಾಹಕರ ಅಳುಕು ಕಡಿಮೆಯಾಗುತ್ತದೆ. ಆ ಬ್ರೆಡ್ ಅವರ ಮನೆಯ ಮೂರು ದಿನಗಳ ಉಪಾಹಾರದೊಳಗೆ ಸೇರಿಕೊಳ್ಳುತ್ತದೆ.

ಹೋಳಿನ ದಪ್ಪವೂ ಹಾಗೆಯೇ. ಜಪಾನಿನಲ್ಲಿ ಒಂದು ಕಿನ್ ಬ್ರೆಡ್ಡನ್ನು ನಾಲ್ಕು, ಐದು, ಆರು ಅಥವಾ ಎಂಟು ಹೋಳುಗಳಾಗಿ ಕತ್ತರಿಸಿ ಮಾರುತ್ತಾರೆ. ಒಸಾಕಾ ಕಡೆಯವರಿಗೆ ದಪ್ಪ ಹೋಳು ಇಷ್ಟ, ಟೋಕಿಯೊ ಕಡೆಯವರಿಗೆ ತೆಳ್ಳನೆಯದು. ಕೌಂಟರಿನಲ್ಲಿ “ಎಷ್ಟು ದಪ್ಪ ಬೇಕು?” ಎಂದು ಕೇಳಿ ಕತ್ತರಿಸಿಕೊಡುವ ಪದ್ಧತಿಗೆ ತಗಲುವ ಖರ್ಚು ಅತ್ಯಲ್ಪ. ಆದರೂ ಆ ಒಂದು ಮಾತಿನಿಂದ ಗ್ರಾಹಕರಿಗೆ ಅದು ತಮ್ಮ ಬ್ರೆಡ್ ಎನಿಸತೊಡಗುತ್ತದೆ, ಮಾರುವವರಿಗೂ ಅವರ ಮನೆಯ ಬಳಕೆ ಏನೆಂಬುದು ತಿಳಿಯುತ್ತದೆ. ಯಾವ ಬ್ರೆಡ್ ಎಷ್ಟು ಹೊತ್ತಿಗೆ ಒಲೆಯಿಂದ ಹೊರಬರುತ್ತದೆ ಎಂದು ಬಾಗಿಲಲ್ಲಿ ಬರೆದಿಡುವುದೂ ಜಪಾನಿನ ಬೇಕರಿಗಳಲ್ಲಿ ರೂಢಿಯಲ್ಲಿದೆ. ಜನರು ತಮ್ಮ ದಿನಚರಿಯನ್ನು ಆ ಹೊತ್ತಿಗೆ ಹೊಂದಿಸಿಕೊಳ್ಳತೊಡಗಿದರೆ ಅದಕ್ಕಿಂತ ಗಟ್ಟಿಯಾದ ಜಾಹೀರಾತು ನನಗೆ ಗೊತ್ತಿಲ್ಲ. ಹಲಗೆಯಲ್ಲಿ ಬರೆದ ಸಮಯವನ್ನು ತಪ್ಪದೆ ಪಾಲಿಸುವ ಶಿಸ್ತು ಮಾತ್ರ ಅಡುಗೆಮನೆಗೆ ಇರಬೇಕು.

ಬೆಲೆಯ ವಿಷಯದಲ್ಲಿ ನನ್ನ ನಿಲುವು ಸ್ವಲ್ಪ ಕಠಿಣ. ಉದ್ಘಾಟನೆಯ ರಿಯಾಯಿತಿ ಬೇಡ, ಸಂಜೆಯ ರಿಯಾಯಿತಿಯೂ ಬೇಡ. ಸಂಜೆ ಅರ್ಧ ಬೆಲೆಗೆ ಸಿಗುವುದನ್ನು ಬೆಳಿಗ್ಗೆ ಪೂರ್ಣ ಬೆಲೆಗೆ ಕೊಂಡವರು ಮೋಸಹೋದಂತೆ ಭಾವಿಸುತ್ತಾರೆ. ಅದರ ಬದಲು ಅರ್ಧ ಬ್ರೆಡ್ ಮಾರಿ, ಮುಂಗಡ ಬೇಡಿಕೆ ತೆಗೆದುಕೊಂಡು ಅಷ್ಟನ್ನೇ ಬೇಯಿಸಿ, ಉಳಿದದ್ದನ್ನು ರಸ್ಕ್ ಮಾಡಿ ಬೇರೆಯದೇ ಸರಕಾಗಿ ಮಾರುವುದು ಒಳ್ಳೆಯದು. ಉಡುಗೊರೆಯ ವ್ಯಾಪಾರವನ್ನು ಬಿಡಬೇಕೆಂದೇನೂ ಅಲ್ಲ. ಅದಕ್ಕೆ ಬೇರೆ ಪೆಟ್ಟಿಗೆ, ಬೇರೆ ಲೆಕ್ಕದ ಪುಸ್ತಕ ಇರಲಿ.

ಹೇಳಿಕೆಗಳಲ್ಲಿ ಎಚ್ಚರ ಬೇಕು. ಹೈನುಗಾರಿಕೆಗೆ ಹೆಸರಾದ ಜಪಾನಿನ ಉತ್ತರದ ದ್ವೀಪ ಹೊಕ್ಕೈಡೊದ ಹಾಲನ್ನೋ ಹಿಟ್ಟನ್ನೋ ಬಳಸದೆ ಬ್ರೆಡ್ಡಿನ ಹೆಸರಿನಲ್ಲಿ ಹೊಕ್ಕೈಡೊ ಎಂದು ಸೇರಿಸುವುದು ಎಷ್ಟೇ ಚಾಲ್ತಿಯಲ್ಲಿದ್ದರೂ, ದುಬಾರಿ ಬೆಲೆ ಕೇಳುವ ಅಂಗಡಿಗೆ ಅದು ತಕ್ಕುದಲ್ಲ. ಹಣ ಕೊಟ್ಟು ಬರೆಸಿದ ಹೊಗಳಿಕೆಯನ್ನು ಜಾಹೀರಾತೆಂದು ತಿಳಿಸದಿರುವುದನ್ನು ಜಪಾನ್ 2023ರ ಅಕ್ಟೋಬರ್ 1ರಿಂದ ಕಾನೂನುಬಾಹಿರಗೊಳಿಸಿದೆ. ಅಂಥ ಕಾನೂನು ಇಲ್ಲದ ಕಡೆಯಲ್ಲೂ ಅದೇ ನಿಯಮವನ್ನು ಪಾಲಿಸುವುದು ಲೇಸು.

ಇನ್ನು ಪ್ರಚಾರದ ಹಣದ ಹಂಚಿಕೆ. ಮೊದಲ ವಾರಕ್ಕೆ ಸಣ್ಣ ಪಾಲನ್ನಷ್ಟೇ ತೆಗೆದಿಟ್ಟು, ಉಳಿದದ್ದನ್ನು ಎರಡನೆಯ ತಿಂಗಳಿನ ನಂತರಕ್ಕೆ ಕಾಯ್ದಿರಿಸಬೇಕು. ಮೊದಲ ಖರೀದಿಯಾದ ಮೂವತ್ತು ದಿನಗಳೊಳಗೆ ಎಷ್ಟು ಮಂದಿ ಮರಳಿ ಬಂದರು, ಬಂದವರು ಅದೇ ಬ್ರೆಡ್ಡನ್ನು ಕೊಂಡರೋ ಬೇರೆಯದನ್ನೋ ಎಂಬುದನ್ನು ಬಿಲ್ಲಿನ ಯಂತ್ರದಲ್ಲೇ ದಾಖಲಿಸಿಕೊಳ್ಳಬಹುದು. ಆ ಸಂಖ್ಯೆ ತಿಂಗಳಿಂದ ತಿಂಗಳಿಗೆ ಏರದಿದ್ದರೆ, ಹೊರಗೆ ಎಷ್ಟೇ ಉದ್ದದ ಸಾಲಿದ್ದರೂ ಎರಡನೆಯ ಶಾಖೆಯ ಬಾಡಿಗೆ ಪತ್ರಕ್ಕೆ ಸಹಿ ಹಾಕಬಾರದು.