'ನೈಸ್' ಬೈಗುಳವಾಗಿದ್ದ ಕಾಲ

ಸುಮಾರು 1300ರ ಹೊತ್ತಿನ ಇಂಗ್ಲಿಷಿನಲ್ಲಿ ಒಬ್ಬನನ್ನು 'ನೈಸ್' ಎಂದರೆ ಅವನು ದಡ್ಡ ಎಂದರ್ಥ. ಲ್ಯಾಟಿನ್ನಿನ 'ನೆ' ಎಂದರೆ ಇಲ್ಲ, 'ಸ್ಕೀರೆ' ಎಂದರೆ ತಿಳಿಯುವುದು. ಎರಡೂ ಕೂಡಿದ 'ನೆಸ್ಕಿಯುಸ್' ಎಂದರೆ ಏನೂ ತಿಳಿಯದವನು. ಈ ಪದ ಹಳೆಯ ಫ್ರೆಂಚರ ಬಾಯಲ್ಲಿ ಸವೆದು ಗಿಡ್ಡವಾಗಿ ಇಂಗ್ಲಿಷಿಗೆ ಬಂತು. 'ಸೈನ್ಸ್' ಹುಟ್ಟಿದ್ದೂ ಅದೇ 'ಸ್ಕೀರೆ'ಯಿಂದ. ಇದೇ ಮೂಲದ ಸ್ಪ್ಯಾನಿಷ್ 'ನೆಸಿಯೊ' ಇಂದಿಗೂ ಮೂರ್ಖನೇ.

ದಡ್ಡನೊಬ್ಬ ಸಜ್ಜನನಾದದ್ದು ಒಂದೇ ನೆಗೆತಕ್ಕಲ್ಲ. ಮೊದಲು ಚೆಲ್ಲು ನಡತೆಯವನಾದ, ಇನ್ನೊಂದು ಕಡೆ ನಾಚಿಕೆಯವನೂ ಆದ. ಆಮೇಲೆ ಅತಿ ನಾಜೂಕಿನವನು, ಎಲ್ಲದಕ್ಕೂ ಮೂಗು ಮುರಿಯುವವನು. ತಿರುವು ಇರುವುದು ಇಲ್ಲೇ. ಮೂಗು ಮುರಿಯುವವನ ಕಣ್ಣಿಗೆ ಕೂದಲೆಳೆಯ ವ್ಯತ್ಯಾಸವೂ ಬೀಳುತ್ತದಲ್ಲವೇ? ಹಾಗೆ 16ನೇ ಶತಮಾನಕ್ಕೆ 'ನಿಖರ, ಸೂಕ್ಷ್ಮ' ಎಂಬ ಅರ್ಥ ಬಂತು. 'ಹಿತವಾದ' ಎಂಬ ಅರ್ಥ 18ನೇ ಶತಮಾನದ್ದು, 'ಒಳ್ಳೆಯ ಮನಸ್ಸಿನ' ಎಂಬುದು 19ನೆಯದು. ನಡುವಿನ ಕಾಲದ ಬರಹಗಳಲ್ಲಂತೂ ಲೇಖಕನ ಮನಸ್ಸಿನಲ್ಲಿದ್ದ ಅರ್ಥ ಯಾವುದೆಂದು ಹೇಳಲು ಆಕ್ಸ್‌ಫರ್ಡ್ ನಿಘಂಟಿನವರೂ ತಿಣುಕುತ್ತಾರೆ.

ಇಂಥ ದಾರಿ ನಮಗೆ ಹೊಸತಲ್ಲ. 'ಮುಗ್ಧ' ಮತ್ತು 'ಮೂಢ' ಎರಡೂ ಸಂಸ್ಕೃತದ 'ಮುಹ್' ಧಾತುವಿನ ಮಕ್ಕಳು. ಒಂದು ಮುದ್ದಾಯಿತು, ಇನ್ನೊಂದು ಬೈಗುಳವಾಗಿಯೇ ಉಳಿಯಿತು.

ಹಳೆಯ ಅರ್ಥಗಳು ಪೂರ್ತಿ ಸತ್ತಿಲ್ಲ ಎಂಬುದೇ ಓದುಗರಿಗೆ ತೊಡಕು. 'ನೈಸ್ ಡಿಸ್ಟಿಂಕ್ಷನ್' ಎಂದರೆ ಚೆಂದದ ವ್ಯತ್ಯಾಸವಲ್ಲ, ಸುಲಭಕ್ಕೆ ಕಾಣದ ವ್ಯತ್ಯಾಸ. ಕಾನೂನಿನ ಬರಹದಲ್ಲಿ 'ನೈಸ್ ಕ್ವೆಶ್ಚನ್' ಎಂದಿದ್ದರೆ ಪ್ರಶ್ನೆ ಬಿಕ್ಕಟ್ಟಿನದು, ಉತ್ತರ ಎರಡು ಕಡೆಗೂ ವಾಲಬಹುದು. ಮುಂದಿನ ನಾಮಪದ ವ್ಯತ್ಯಾಸ, ಪ್ರಶ್ನೆ, ಅಂಶ, ತೀರ್ಮಾನ ಇಂಥದ್ದಾಗಿದ್ದರೆ ಮೊದಲು 'ಸೂಕ್ಷ್ಮ' ಎಂದು ಇಟ್ಟು ಓದಿ ನೋಡಬೇಕು. 'ಟು ಎ ನೈಸಿಟಿ' ಎಂದರೂ ಕರಾರುವಾಕ್ಕಾಗಿ ಎಂದೇ. ಷೇಕ್ಸ್‌ಪಿಯರ್‌ನ 'ರೋಮಿಯೊ ಅಂಡ್ ಜೂಲಿಯೆಟ್'ನಲ್ಲಿ ಪಾದ್ರಿ ಲಾರೆನ್ಸ್, ತಲುಪದೇ ಹೋದ ತನ್ನ ಪತ್ರ 'ನೈಸ್' ಆಗಿರಲಿಲ್ಲ ಎನ್ನುತ್ತಾನೆ. ಅದು ಕೆಟ್ಟ ಪತ್ರವಾಗಿತ್ತು ಎಂದು ಓದಿದರೆ ಕಥೆಯೇ ತಿರುಗುತ್ತದೆ. ಕ್ಷುಲ್ಲಕವಾಗಿರಲಿಲ್ಲ ಎಂಬುದು ಅವನ ಮಾತು.

'ನೈಸ್ ಅಂಡ್ ವಾರ್ಮ್' ಎಂಬುದನ್ನು 'ಒಳ್ಳೆಯದು ಮತ್ತು ಬೆಚ್ಚಗಿನದು' ಎಂದು ಬಿಡಿಸುವುದು ಅನುವಾದದಲ್ಲಿ ಆಗಾಗ ಕಾಣುವ ತಪ್ಪು. ಅಲ್ಲಿ ಎರಡು ಗುಣಗಳಿಲ್ಲ, 'ಹಿತವಾಗಿ ಬೆಚ್ಚಗೆ' ಅಷ್ಟೇ. 'ಎ ನೈಸ್ ಮೆಸ್' ವ್ಯಂಗ್ಯ. 'ಚೆನ್ನಾಗಾಯ್ತು ಕಥೆ' ಎಂದರೆ ಸರಿಹೋಗುತ್ತದೆ. ಫ್ರಾನ್ಸಿನ ನಗರದ ಹೆಸರಿಗೂ ಇದೇ ಕಾಗುಣಿತ, ಆದರೆ ಉಚ್ಚಾರ 'ನೀಸ್', ಮೂಲ ಗ್ರೀಕ್. ನಂಟಿಲ್ಲ.

ಅತಿಬಳಕೆಯ ದೂರೂ ಹಳೆಯದೇ. ಜೇನ್ ಆಸ್ಟೆನ್ನರ 'ನಾರ್ತಾಂಗರ್ ಆ್ಯಬಿ' ಕಾದಂಬರಿ ಅಚ್ಚಾದದ್ದು 1817ರ ಕೊನೆಯಲ್ಲಿ. ಅದರ ಹೆನ್ರಿ ಟಿಲ್ನಿ, ದಿನವೂ ನೈಸ್, ನಡಿಗೆಯೂ ನೈಸ್, ಹುಡುಗಿಯರೂ ನೈಸ್ ಎಂದು ಕಿಚಾಯಿಸುತ್ತಾನೆ. ಆ ಗೇಲಿ ಇಂದಿಗೂ ಒಪ್ಪುತ್ತದೆ: ಊಟ, ಸಿನಿಮಾ, ಮನುಷ್ಯ ಎಲ್ಲವೂ ನೈಸ್ ಆದರೆ ಓದುಗನಿಗೆ ಏನೂ ತಿಳಿಯುವುದಿಲ್ಲ.

ಕನ್ನಡಕ್ಕೆ ಬಂದ ಮೇಲೆ ಪದ ಇನ್ನೂ ಎರಡು ಹೆಜ್ಜೆ ಇಟ್ಟಿದೆ. 'ಬಟ್ಟೆ ನೈಸಾಗಿದೆ' ಎಂದರೆ ನಮಗೆ ಅದು ನುಣುಪು. 'ನೈಸಾಗಿ ಜಾರಿಕೊಂಡ' ಎಂದರೆ ಯಾರಿಗೂ ಗೊತ್ತಾಗದ ಹಾಗೆ, ಉಪಾಯವಾಗಿ. ಏನೂ ತಿಳಿಯದವನಿಗಿದ್ದ ಪದ ಈಗ ಎಲ್ಲ ತಿಳಿದವನ ಪಾಲಾಗಿದೆ.